ಜೇಮ್ಸ್ ಕೆ. ಪೋಲ್ಕ್: ಕೊಟ್ಟ ಮಾತು, ಕಿತ್ತುಕೊಂಡ ನೆಲ

ಅಮೆರಿಕದ 11ನೆಯ ಅಧ್ಯಕ್ಷ ಜೇಮ್ಸ್ ನಾಕ್ಸ್ ಪೋಲ್ಕ್ ಅಧಿಕಾರದಲ್ಲಿದ್ದದ್ದು ಒಂದೇ ಅವಧಿ, 1845ರ ಮಾರ್ಚ್‌ನಿಂದ 1849ರ ಮಾರ್ಚ್‌ವರೆಗೆ. ಆ ನಾಲ್ಕು ವರ್ಷಗಳಲ್ಲಿ ಟೆಕ್ಸಾಸ್ ಒಕ್ಕೂಟದ ರಾಜ್ಯವಾಯಿತು. ಆರೆಗನ್ ಪ್ರದೇಶದ ದಕ್ಷಿಣದ ಪಾಲು ಬ್ರಿಟನ್ ಜೊತೆಗಿನ ಒಪ್ಪಂದದಿಂದ ದಕ್ಕಿತು. ಕ್ಯಾಲಿಫೋರ್ನಿಯಾ ಮತ್ತು ನ್ಯೂ ಮೆಕ್ಸಿಕೊ ಯುದ್ಧದಿಂದ ಬಂದವು. ಮೂರೂ ಸೇರಿ ಸುಮಾರು 31 ಲಕ್ಷ ಚದರ ಕಿಲೋಮೀಟರ್. ಇಂದಿನ ಇಡೀ ಭಾರತದ ವಿಸ್ತೀರ್ಣಕ್ಕಿಂತ ತುಸುವೇ ಕಡಿಮೆ. ಅಮೆರಿಕದ ನಕ್ಷೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ವರೆಗೆ ಚಾಚಿಕೊಂಡದ್ದು ಇವನ ಕಾಲದಲ್ಲಿ.

ಪೋಲ್ಕ್ ಬಗ್ಗೆ ಅಮೆರಿಕದ ಚರಿತ್ರಕಾರರಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಹೊಗಳಿಕೆ ಒಂದೇ: ಹೇಳಿದ್ದನ್ನೆಲ್ಲ ಮಾಡಿ ಮುಗಿಸಿ, ಹೇಳಿದಂತೆಯೇ ಅಧಿಕಾರ ಬಿಟ್ಟು ಹೋದವನು. ಈ ಮಾತು ಸುಳ್ಳೇನಲ್ಲ. ಆದರೆ ಮಾಡಿ ಮುಗಿಸಿದ ಕೆಲಸ ಎಂಥದು, ಅದರ ಬೆಲೆ ತೆತ್ತವರು ಯಾರು ಎಂದು ಕೇಳದೆ ಆ ಹೊಗಳಿಕೆಯನ್ನು ಹಾಗೇ ಒಪ್ಪಿಕೊಳ್ಳಲು ಮನಸ್ಸು ಬಾರದು. ಪೋಲ್ಕ್‌ನ ರಾಜಕೀಯ ಜೀವನವನ್ನು ಓದುವಾಗ ಈ ಎರಡನ್ನೂ ಒಟ್ಟಿಗೇ ಕಣ್ಣೆದುರು ಇಟ್ಟುಕೊಳ್ಳಬೇಕಾಗುತ್ತದೆ.

ಗಡಿನಾಡಿನ ಬಾಲ್ಯ

ಪೋಲ್ಕ್ ಹುಟ್ಟಿದ್ದು 1795ರ ನವೆಂಬರ್ 2ರಂದು, ನಾರ್ತ್ ಕ್ಯಾರೊಲಿನಾದ ಮೆಕ್ಲೆನ್‌ಬರ್ಗ್ ಕೌಂಟಿಯಲ್ಲಿ. ಹತ್ತು ಮಕ್ಕಳಲ್ಲಿ ಹಿರಿಯ. 1806ರಲ್ಲಿ ಕುಟುಂಬ ಪಶ್ಚಿಮಕ್ಕೆ, ಟೆನೆಸ್ಸಿಯ ಡಕ್ ನದಿಯ ಬಯಲಿಗೆ ವಲಸೆ ಬಂತು. ಹೊಸ ನೆಲ ಹಿಡಿದು ಹತ್ತಿ ಬೆಳೆದು, ಗುಲಾಮರನ್ನು ಕೊಂಡು ದೊಡ್ಡವರಾದ ಮನೆತನ ಅದು. ಪಶ್ಚಿಮದ ನೆಲವೆಂದರೆ ಮನೆತನದ ಏಳಿಗೆ ಎಂಬುದನ್ನು ಹುಡುಗ ತನ್ನ ಮನೆಯಲ್ಲೇ ನೋಡಿಕೊಂಡು ಬೆಳೆದ.

ದೇಹ ಮಾತ್ರ ಕೃಶವಾಗಿತ್ತು. ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದ ಅವನಿಗೆ 1812ರಲ್ಲಿ ಕೆಂಟಕಿಯ ಡ್ಯಾನ್‌ವಿಲ್‌ನಲ್ಲಿ ಎಫ್ರೇಮ್ ಮೆಕ್‌ಡೊವೆಲ್ ಎಂಬ ಹೆಸರಾಂತ ಶಸ್ತ್ರವೈದ್ಯ ಶಸ್ತ್ರಚಿಕಿತ್ಸೆ ಮಾಡಿದ. ಅರಿವಳಿಕೆ ಎಂಬುದು ಇನ್ನೂ ಬಂದಿರದ ಕಾಲ. ಬ್ರಾಂದಿ ಕುಡಿಸಿ ಕತ್ತಿ ಆಡಿಸುವುದೊಂದೇ ದಾರಿ. ಹದಿನೇಳು ತುಂಬದ ಹುಡುಗ ಅದನ್ನು ಸಹಿಸಿಕೊಂಡು ಎದ್ದು ನಿಂತ. ಆಮೇಲೆ ಓದಿನಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. 1818ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಿಂದ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ, ನ್ಯಾಶ್‌ವಿಲ್‌ನಲ್ಲಿ ಫೆಲಿಕ್ಸ್ ಗ್ರಂಡಿಯ ಬಳಿ ಕಾನೂನು ಕಲಿತ, 1820ರಲ್ಲಿ ವಕೀಲನಾದ, 1823ರಲ್ಲಿ ಟೆನೆಸ್ಸಿಯ ಶಾಸನಸಭೆಗೆ ಆಯ್ಕೆಯಾದ.

1824ರ ಜನವರಿ 1ರಂದು ಸಾರಾ ಚೈಲ್ಡ್ರೆಸ್‌ಳನ್ನು ಮದುವೆಯಾದ. ಆ ಕಾಲದ ಹೆಣ್ಣುಮಕ್ಕಳಿಗೆ ಅಪರೂಪವಾಗಿದ್ದ ಶಿಕ್ಷಣ ಪಡೆದಿದ್ದ ಸಾರಾ, ಪತ್ರಿಕೆಗಳನ್ನು ಓದಿ ಗಂಡನಿಗೆ ಬೇಕಾದದ್ದನ್ನು ಗುರುತು ಹಾಕಿಡುತ್ತಿದ್ದಳು, ಭಾಷಣಗಳನ್ನು ತಿದ್ದುತ್ತಿದ್ದಳು, ಪತ್ರ ವ್ಯವಹಾರ ನೋಡಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ಆ ದಂಪತಿಗೆ ರಾಜಕೀಯವೇ ಜೋಡಿ ಕಾಯಕವಾಯಿತು. ಪೋಲ್ಕ್‌ನ ಏಳಿಗೆಯ ಯಾವ ವೃತ್ತಾಂತವೂ ಆಕೆಯನ್ನು ಬಿಟ್ಟರೆ ಅರ್ಧವೇ.

ಜಾಕ್ಸನ್ ಪಾಳೆಯದ ಸಿಪಾಯಿ

ಟೆನೆಸ್ಸಿಯ ರಾಜಕೀಯದಲ್ಲಿ ಆಗ ಆಂಡ್ರೂ ಜಾಕ್ಸನ್‌ನದೇ ದೊಡ್ಡ ನೆರಳು. 1824ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜಾಕ್ಸನ್ ಹೆಚ್ಚು ಮತ ಪಡೆದರೂ ಯಾರಿಗೂ ಬಹುಮತ ಬರದೆ, ಪ್ರತಿನಿಧಿ ಸಭೆ ಜಾನ್ ಕ್ವಿನ್ಸಿ ಆಡಮ್ಸ್‌ನನ್ನು ಆರಿಸಿತು. ಮರುವರ್ಷ ಆ ಸಭೆಗೆ ಕಾಲಿಟ್ಟ ಪೋಲ್ಕ್ ಮೊದಲ ದಿನದಿಂದಲೇ ಜಾಕ್ಸನ್ ಪರ ವಕಾಲತ್ತು ಹಿಡಿದ. 1828ರಲ್ಲಿ ಜಾಕ್ಸನ್ ಗೆದ್ದ ಮೇಲೆ ಅವನ ಬಲಗೈಯಾದ. ಅಮೆರಿಕದ ರಾಷ್ಟ್ರೀಯ ಬ್ಯಾಂಕನ್ನು ಮುಚ್ಚಿಸಲು ಜಾಕ್ಸನ್ ಹೂಡಿದ ಹೋರಾಟದಲ್ಲಿ, 1833ರಿಂದ ಸಭೆಯ ಹಣಕಾಸು ಸಮಿತಿಯ ಅಧ್ಯಕ್ಷನಾಗಿ ಅಂಕಿ ಅಂಶಗಳ ಹೊರೆ ಹೊತ್ತವನು ಪೋಲ್ಕ್.

1835ರಿಂದ 1839ರವರೆಗೆ ಪ್ರತಿನಿಧಿ ಸಭೆಯ ಸ್ಪೀಕರ್. ಸ್ಪೀಕರ್ ಆಗಿದ್ದು ಮುಂದೆ ಅಧ್ಯಕ್ಷನಾದವನು ಅಮೆರಿಕದ ಚರಿತ್ರೆಯಲ್ಲಿ ಇವನೊಬ್ಬನೇ. ಗುಲಾಮಗಿರಿ ವಿರುದ್ಧ ಬರುತ್ತಿದ್ದ ಮನವಿಗಳನ್ನು ಚರ್ಚೆಯಿಲ್ಲದೆ ಬದಿಗೆ ಸರಿಸಬೇಕೆಂಬ ಬಾಯಿಮುಚ್ಚುವ ನಿಯಮ ಜಾರಿಗೆ ಬಂದದ್ದೂ 1836ರಲ್ಲಿ, ಇವನು ಪೀಠದಲ್ಲಿದ್ದಾಗ. ಅಧ್ಯಕ್ಷಗಿರಿ ಬಿಟ್ಟ ಮೇಲೆ ಸಾಮಾನ್ಯ ಸದಸ್ಯನಾಗಿ ಅದೇ ಸಭೆಗೆ ಮರಳಿದ್ದ ಆಡಮ್ಸ್ ಆ ನಿಯಮದ ವಿರುದ್ಧ ವರ್ಷಾನುಗಟ್ಟಲೆ ಕಾದಾಡಿದ. ಇವರಿಬ್ಬರ ದಾರಿಗಳು ಮುಂದೆಯೂ ಎದುರಾಗುತ್ತವೆ.

ತನ್ನ ಡೆಮಾಕ್ರಟಿಕ್ ಪಕ್ಷದ ಕೆಲಸಕ್ಕೆಂದು ಪೋಲ್ಕ್ ವಾಷಿಂಗ್ಟನ್ ಬಿಟ್ಟು ಟೆನೆಸ್ಸಿಗೆ ಮರಳಿ 1839ರಲ್ಲಿ ಗವರ್ನರ್ ಆದ. 1841ರಲ್ಲಿ ಸೋತ. 1843ರಲ್ಲಿ ಮತ್ತೆ ಸೋತ. ಎರಡು ಸಲವೂ ಸೋಲಿಸಿದವನು ಜೇಮ್ಸ್ ಜೋನ್ಸ್ ಎಂಬ, ಎದುರಾಳಿ ವಿಗ್ ಪಕ್ಷದ ಹಾಸ್ಯಗಾರ ಭಾಷಣಕಾರ. 47ನೆಯ ವಯಸ್ಸಿಗೆ ಪೋಲ್ಕ್ ಆಟ ಮುಗಿಯಿತೆಂದು ಬಹುತೇಕರು ತೀರ್ಮಾನಿಸಿದ್ದರು.

ಬಾಲ್ಟಿಮೋರ್, 1844

ಅವನನ್ನು ಮತ್ತೆ ಮೇಲೆತ್ತಿದ್ದು ಟೆಕ್ಸಾಸ್. 1836ರಲ್ಲಿ ಮೆಕ್ಸಿಕೊದಿಂದ ಬೇರ್ಪಟ್ಟು ಸ್ವತಂತ್ರ ಗಣರಾಜ್ಯವಾಗಿದ್ದ ಟೆಕ್ಸಾಸನ್ನು ಅಮೆರಿಕಕ್ಕೆ ಸೇರಿಸಿಕೊಳ್ಳಬೇಕೇ ಎಂಬುದು 1844ರ ದೊಡ್ಡ ಪ್ರಶ್ನೆ. ಸೇರಿಸಿಕೊಂಡರೆ ಗುಲಾಮಗಿರಿಯ ಇನ್ನೊಂದು ದೊಡ್ಡ ರಾಜ್ಯ ಬರುತ್ತದೆ, ಮೆಕ್ಸಿಕೊ ಜೊತೆ ಯುದ್ಧವೂ ಆಗಬಹುದು. ಡೆಮಾಕ್ರಟಿಕ್ ಪಕ್ಷದ ಮುಂಚೂಣಿಯಲ್ಲಿದ್ದ ಮಾರ್ಟಿನ್ ವ್ಯಾನ್ ಬ್ಯೂರೆನ್ ಮತ್ತು ವಿಗ್ ಪಕ್ಷದ ಹೆನ್ರಿ ಕ್ಲೇ ಇಬ್ಬರೂ ಆ ವರ್ಷದ ಏಪ್ರಿಲ್ ಕೊನೆಯಲ್ಲಿ ತಕ್ಷಣದ ಸೇರ್ಪಡೆಯನ್ನು ವಿರೋಧಿಸಿ ಪತ್ರ ಪ್ರಕಟಿಸಿದರು. ಮುಪ್ಪಿನಲ್ಲಿದ್ದ ಜಾಕ್ಸನ್ ಕೆರಳಿದ. ಪೋಲ್ಕ್‌ನನ್ನು ತನ್ನ ಮನೆಗೆ ಕರೆಸಿ, ಉಪಾಧ್ಯಕ್ಷ ಸ್ಥಾನದ ಆಸೆ ಬಿಟ್ಟು ಮೇಲಿನದಕ್ಕೇ ಕೈ ಹಾಕು ಎಂದ.

ಮೇ ತಿಂಗಳ ಕೊನೆಯಲ್ಲಿ ಬಾಲ್ಟಿಮೋರ್‌ನಲ್ಲಿ ಪಕ್ಷದ ಸಮಾವೇಶ ಸೇರಿತು. ವ್ಯಾನ್ ಬ್ಯೂರೆನ್‌ಗೆ ಮೊದಲ ಸುತ್ತಿನಲ್ಲಿ ಸರಳ ಬಹುಮತವಿತ್ತು, ಬೇಕಾಗಿದ್ದದ್ದು ಮೂರನೇ ಎರಡು. ಸುತ್ತಿನ ಮೇಲೆ ಸುತ್ತು ಮತದಾನವಾದಂತೆ ಅವನ ಬಲ ಕರಗಿತು, ಮಿಶಿಗನ್‌ನ ಲೂಯಿಸ್ ಕ್ಯಾಸ್ ಏರಿದ, ಅವನಿಗೂ ಸಾಲಲಿಲ್ಲ. ಏಳು ಸುತ್ತುಗಳವರೆಗೆ ಪೋಲ್ಕ್‌ನ ಹೆಸರೇ ಲೆಕ್ಕಕ್ಕಿರಲಿಲ್ಲ. ಎಂಟನೆಯದರಲ್ಲಿ 44 ಮತ, ಒಂಬತ್ತನೆಯದರಲ್ಲಿ ಅವನೇ ಅಭ್ಯರ್ಥಿ. ಆ ಸಮಾವೇಶಕ್ಕೆ ಕೆಲವೇ ದಿನ ಮೊದಲು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಎಳೆದಿದ್ದ ತಂತಿಯಲ್ಲಿ ಸುದ್ದಿ ಹಾರಿತು. ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಿಸಲ್ಪಟ್ಟ ಸೈಲಾಸ್ ರೈಟ್ ಒಲ್ಲೆನೆಂದು ವಾಷಿಂಗ್ಟನ್‌ನಿಂದ ಮರಳಿ ತಿಳಿಸಿದ್ದೂ ಅದೇ ತಂತಿಯಲ್ಲಿ. ಪೆನ್ಸಿಲ್ವೇನಿಯಾದ ಜಾರ್ಜ್ ಡ್ಯಾಲಸ್ ಆ ಜಾಗಕ್ಕೆ ಬಂದ.

ಯಾರೀ ಪೋಲ್ಕ್ ಎಂದು ವಿಗ್ ಪಕ್ಷದವರು ಅಣಕಿಸಿದರು. ಸ್ಪೀಕರ್ ಆಗಿದ್ದವನನ್ನು ಅವರು ಅರಿಯದವರೇನಲ್ಲ. ಕ್ಲೇಯಂಥ ಘಟಾನುಘಟಿಯ ಎದುರು ಇವನು ಯಾವ ಲೆಕ್ಕ ಎಂಬುದು ಅದರ ಒಳಮಾತು. ಪೋಲ್ಕ್ ಎರಡು ಕೆಲಸ ಮಾಡಿದ. ಗೆದ್ದರೆ ಒಂದೇ ಅವಧಿ ಎಂದು ಘೋಷಿಸಿ ಪಕ್ಷದೊಳಗಿನ ಮಹತ್ವಾಕಾಂಕ್ಷಿಗಳಿಗೆ ನಾಲ್ಕು ವರ್ಷ ಕಾಯುವ ಧೈರ್ಯ ಕೊಟ್ಟ. ದಕ್ಷಿಣದವರಿಗೆ ಟೆಕ್ಸಾಸ್, ಉತ್ತರದವರಿಗೆ ಆರೆಗನ್ ಎಂದು ಎರಡು ನೆಲಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ. ಗೆಲುವಿನ ಅಂತರ ಸುಮಾರು 38 ಸಾವಿರ ಮತ. ತನ್ನದೇ ಟೆನೆಸ್ಸಿಯಲ್ಲಿ ನೂರಿಪ್ಪತ್ತರ ಆಸುಪಾಸಿನ ಮತಗಳಿಂದ ಸೋತ. ನ್ಯೂಯಾರ್ಕ್‌ನಲ್ಲಿ ಸುಮಾರು 5 ಸಾವಿರ ಮತಗಳಿಂದ ಗೆದ್ದ, ಆ ರಾಜ್ಯದ 36 ಮತದಾರ ಪ್ರತಿನಿಧಿಗಳಿಲ್ಲದಿದ್ದರೆ ಕ್ಲೇ ಅಧ್ಯಕ್ಷನಾಗುತ್ತಿದ್ದ. ಅಲ್ಲಿ ಗುಲಾಮಗಿರಿ ವಿರೋಧಿ ಲಿಬರ್ಟಿ ಪಕ್ಷದ ಜೇಮ್ಸ್ ಬರ್ನಿಗೆ 15 ಸಾವಿರಕ್ಕೂ ಹೆಚ್ಚು ಮತ ಬಿದ್ದಿದ್ದವು. ಟೆಕ್ಸಾಸನ್ನು ತಡೆಯಬಯಸಿದವರ ಮತ ಒಡೆದದ್ದೇ ಟೆಕ್ಸಾಸ್ ಬಯಸಿದವನನ್ನು ಗೆಲ್ಲಿಸಿತೆಂಬ ಮಾತಿಗೆ ಇಲ್ಲಿ ಗಟ್ಟಿ ಆಧಾರವಿದೆ.

ಮೇಜು ಬಿಟ್ಟೇಳದ ಅಧ್ಯಕ್ಷ

1845ರ ಮಾರ್ಚ್ 4ರಂದು ಮಳೆಯಲ್ಲಿ ಪ್ರಮಾಣವಚನ. ವಯಸ್ಸು 49, ಅಲ್ಲಿಯವರೆಗಿನ ಅಧ್ಯಕ್ಷರಲ್ಲಿ ಎಲ್ಲರಿಗಿಂತ ಕಿರಿಯ. ಆಮದು ಸುಂಕ ಇಳಿಸುವುದು, ಸರ್ಕಾರದ ಹಣವನ್ನು ಖಾಸಗಿ ಬ್ಯಾಂಕುಗಳಿಂದ ಬಿಡಿಸಿ ಸ್ವತಂತ್ರ ಖಜಾನೆಯಲ್ಲಿಡುವುದು, ಆರೆಗನ್ ವಿವಾದ ಬಗೆಹರಿಸುವುದು, ಕ್ಯಾಲಿಫೋರ್ನಿಯಾ ಪಡೆಯುವುದು ತನ್ನ ನಾಲ್ಕು ಗುರಿಗಳೆಂದು ಪೋಲ್ಕ್ ತೊಡೆ ತಟ್ಟಿ ಹೇಳಿದ್ದನ್ನು ಅವನ ನೌಕಾ ಕಾರ್ಯದರ್ಶಿ, ಚರಿತ್ರಕಾರ ಜಾರ್ಜ್ ಬ್ಯಾಂಕ್ರಾಫ್ಟ್ ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡ. ಮೊದಲ ಎರಡೂ 1846ರಲ್ಲೇ ಕಾನೂನಾದವು.

ಪೋಲ್ಕ್ ಕೆಲಸದ ರೀತಿ ಬೆರಗು ಹುಟ್ಟಿಸುವಂಥದು. ವಾಷಿಂಗ್ಟನ್ ಬಿಟ್ಟು ಹೊರಗೆ ಹೋದದ್ದೇ ಅಪರೂಪ. ಇಲಾಖೆಗಳ ಲೆಕ್ಕ, ಸೈನ್ಯಕ್ಕೆ ಕಳಿಸುವ ಹೇಸರಗತ್ತೆಗಳ ಖರ್ಚು, ಅಧಿಕಾರಿಗಳ ನೇಮಕ ಎಲ್ಲವನ್ನೂ ತಾನೇ ನೋಡುತ್ತಿದ್ದ. 1845ರ ಆಗಸ್ಟ್‌ನಿಂದ ಪ್ರತಿದಿನ ದಿನಚರಿ ಬರೆದ. ಆ ದಿನಚರಿ ಇಲ್ಲದಿದ್ದರೆ ಮುಂದೆ ಮೆಕ್ಸಿಕೊ ಜೊತೆ ನಡೆದ ಯುದ್ಧ ಹೇಗೆ ಶುರುವಾಯಿತೆಂಬುದು ನಮಗೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ತನ್ನ ವಿರುದ್ಧದ ಸಾಕ್ಷ್ಯವನ್ನು ಪೋಲ್ಕ್ ತಾನೇ ಬರೆದಿಟ್ಟು ಹೋಗಿದ್ದಾನೆ.

ಆರೆಗನ್: ಗದರಿಕೆ, ಆಮೇಲೆ ರಾಜಿ

ರಾಕಿ ಪರ್ವತಗಳಾಚೆಯ ಆರೆಗನ್ ಪ್ರದೇಶವನ್ನು 1818ರಿಂದ ಬ್ರಿಟನ್ ಮತ್ತು ಅಮೆರಿಕ ಜಂಟಿಯಾಗಿ ಅನುಭವಿಸುತ್ತಿದ್ದವು. 54 ಡಿಗ್ರಿ 40 ಮಿನಿಟಿನ ಅಕ್ಷಾಂಶದವರೆಗೆ, ಅಂದರೆ ರಷ್ಯನ್ ಅಲಾಸ್ಕಾದ ಗಡಿವರೆಗೆ, ಎಲ್ಲವೂ ನಮ್ಮದೇ ಎಂದು ಪೋಲ್ಕ್‌ನ ಪಕ್ಷ ಹೇಳಿಕೊಂಡಿತ್ತು. ಪೋಲ್ಕ್ ಬಹಿರಂಗವಾಗಿ ಪಟ್ಟು ಬಿಡದೆ ನಿಂತ, ಜಂಟಿ ಅನುಭವ ಕೊನೆಗೊಳಿಸುವ ನೋಟಿಸು ಕೊಡಲು ಕಾಂಗ್ರೆಸ್ಸನ್ನು ಒಪ್ಪಿಸಿದ. ಆದರೆ ಎದುರಿದ್ದದ್ದು ಜಗತ್ತಿನ ಅತಿ ದೊಡ್ಡ ನೌಕಾಬಲ. ಬ್ರಿಟನ್ 49ನೆಯ ಅಕ್ಷಾಂಶದ ಪ್ರಸ್ತಾಪ ಕಳಿಸಿದಾಗ ಪೋಲ್ಕ್ ತಾನೇ ನಿರ್ಧರಿಸುವ ಬದಲು ಸೆನೆಟ್‌ನ ಸಲಹೆ ಕೇಳಿ ಹೊಣೆ ಹಂಚಿದ. 1846ರ ಜೂನ್ 15ರಂದು ಒಪ್ಪಂದಕ್ಕೆ ಸಹಿ ಬಿತ್ತು. ವ್ಯಾಂಕೂವರ್ ದ್ವೀಪ ಪೂರ್ತಿ ಬ್ರಿಟನ್‌ಗೆ ಉಳಿಯಿತು. ಇಂದಿನ ವಾಷಿಂಗ್ಟನ್, ಆರೆಗನ್, ಐಡಾಹೊ ರಾಜ್ಯಗಳು ಅಮೆರಿಕಕ್ಕೆ ಬಂದವು. ಉತ್ತರದ ಡೆಮಾಕ್ರಾಟರು ಮೋಸವಾಯಿತೆಂದು ಕುದಿದರು, ಏಕೆಂದರೆ ದಕ್ಷಿಣದ ಟೆಕ್ಸಾಸ್ ವಿಷಯದಲ್ಲಿ ಪೋಲ್ಕ್ ಒಂದಿಂಚೂ ಬಿಟ್ಟಿರಲಿಲ್ಲ. ಬಲಿಷ್ಠನೊಂದಿಗೆ ರಾಜಿ, ದುರ್ಬಲನೊಂದಿಗೆ ಯುದ್ಧ ಎಂಬ ಆರೋಪಕ್ಕೆ ಪೋಲ್ಕ್‌ನ ಬಳಿ ಸರಿಯಾದ ಉತ್ತರ ಎಂದೂ ಇರಲಿಲ್ಲ.

ಎರಡು ನದಿಗಳ ನಡುವೆ

ಟೆಕ್ಸಾಸ್ ಸೇರ್ಪಡೆಯ ಜಂಟಿ ನಿರ್ಣಯಕ್ಕೆ ಹಿಂದಿನ ಅಧ್ಯಕ್ಷ ಜಾನ್ ಟೈಲರ್ ಅಧಿಕಾರ ಬಿಡುವ ಮೂರು ದಿನ ಮುಂಚೆ ಸಹಿ ಹಾಕಿದ್ದ. 1845ರ ಡಿಸೆಂಬರ್ 29ರಂದು ಅದು ರಾಜ್ಯವಾಯಿತು. ಅದರ ದಕ್ಷಿಣದ ಗಡಿ ಎಲ್ಲಿ? ಮೆಕ್ಸಿಕೊದ ಆಡಳಿತದಲ್ಲಿ ಟೆಕ್ಸಾಸ್ ಮುಗಿಯುತ್ತಿದ್ದದ್ದು ನುವೇಸಸ್ ನದಿಯಲ್ಲಿ. ಇನ್ನೂ ದಕ್ಷಿಣದ ರಿಯೊ ಗ್ರಾಂಡೆಯೇ ಗಡಿ ಎಂದು ಟೆಕ್ಸಾಸಿನವರ ವಾದ. ಅದಕ್ಕೆ ಆಧಾರ 1836ರಲ್ಲಿ ಸೆರೆಸಿಕ್ಕ ಮೆಕ್ಸಿಕೊದ ಜನರಲ್ ಸಾಂತಾ ಆನಾ ಸಹಿ ಮಾಡಿದ್ದ ಕಾಗದಗಳು, ಮೆಕ್ಸಿಕೊ ಅವನ್ನು ಎಂದೂ ಒಪ್ಪಿರಲಿಲ್ಲ. ಎರಡು ನದಿಗಳ ನಡುವಿನ ಪಟ್ಟಿಯಲ್ಲಿ ಟೆಕ್ಸಾಸ್ ಸರ್ಕಾರದ ಆಡಳಿತ ನಡೆದದ್ದು ಇಲ್ಲವೆನ್ನುವಷ್ಟು ಕಡಿಮೆ.

ಪೋಲ್ಕ್ ಮೊದಲು ಹಣದ ದಾರಿ ಹಿಡಿದ. 1845ರ ಕೊನೆಯಲ್ಲಿ ಲೂಸಿಯಾನಾದ ಜಾನ್ ಸ್ಲೈಡೆಲ್‌ನನ್ನು ಮೆಕ್ಸಿಕೊಗೆ ಕಳಿಸಿ, ಕ್ಯಾಲಿಫೋರ್ನಿಯಾ ಮತ್ತು ನ್ಯೂ ಮೆಕ್ಸಿಕೊಗೆ 2.5 ಕೋಟಿ ಡಾಲರ್‌ವರೆಗೆ ಕೊಡಲು ಅಧಿಕಾರ ಕೊಟ್ಟ. ತನ್ನ ನೆಲದ ಅರ್ಧವನ್ನು ಮಾರಾಟಕ್ಕಿಡುವ ಸರ್ಕಾರ ಮೆಕ್ಸಿಕೊದಲ್ಲಿ ಒಂದು ದಿನವೂ ಉಳಿಯುತ್ತಿರಲಿಲ್ಲ. ಅಧ್ಯಕ್ಷ ಹೊಸೆ ಹೋಕಿನ್ ಎರೆರಾ ರಾಯಭಾರಿಯನ್ನು ಬರಮಾಡಿಕೊಳ್ಳಲೇ ಇಲ್ಲ. ಹಾಗಿದ್ದೂ ಅಮೆರಿಕದ ಜೊತೆ ಮಾತುಕತೆಗೆ ಒಲಿದವನೆಂಬ ಸಿಟ್ಟಿಗೆ ಮಾರಿಯಾನೊ ಪರೇದೆಸ್ ಎಂಬ ಜನರಲ್ ಅವನನ್ನು ಕಿತ್ತೊಗೆದ.

1846ರ ಜನವರಿ 13ರಂದು ಜನರಲ್ ಝಕಾರಿ ಟೇಲರ್‌ಗೆ ರಿಯೊ ಗ್ರಾಂಡೆವರೆಗೆ ಸಾಗಲು ಆದೇಶ ಹೋಯಿತು. ಮಾರ್ಚ್ ಕೊನೆಗೆ ಸೈನ್ಯ ಮತಾಮೊರೊಸ್ ಪಟ್ಟಣದ ಎದುರು ದಡದಲ್ಲಿ ಕೋಟೆ ಕಟ್ಟತೊಡಗಿತು, ತೋಪುಗಳನ್ನು ಪಟ್ಟಣದ ಕಡೆಗೆ ತಿರುಗಿಸಿ ನಿಲ್ಲಿಸಿತು, ನದಿಯ ಬಾಯಿಗೆ ದಿಗ್ಬಂಧನ ಹಾಕಿತು. ಇದನ್ನು ಗಡಿ ರಕ್ಷಣೆ ಎಂದು ಕರೆಯುವುದು ಹೇಗೆ? ಕಾಲು ಕೆರೆದು ಜಗಳಕ್ಕೆ ಕರೆಯುವುದೆಂದರೆ ಇದೇ. ಏಪ್ರಿಲ್ 25ರಂದು ಮೆಕ್ಸಿಕೊದ ಅಶ್ವದಳ ನದಿ ದಾಟಿ ಬಂದು ಅಮೆರಿಕದ ಒಂದು ಗಸ್ತು ಪಡೆಯನ್ನು ಸುತ್ತುವರಿಯಿತು. 11 ಸೈನಿಕರು ಸತ್ತರು, ಉಳಿದ ಬಹುಪಾಲು ಸೆರೆಯಾದರು.

ಆ ಸುದ್ದಿ ವಾಷಿಂಗ್ಟನ್ ತಲುಪಲು ಎರಡು ವಾರ ಬೇಕಾಯಿತು. ಇಲ್ಲಿ ಪೋಲ್ಕ್‌ನ ದಿನಚರಿಯ ಮೇ 9, ಶನಿವಾರದ ಪುಟ ಮುಖ್ಯ. ಆ ದಿನ ಮಂತ್ರಿಮಂಡಲದ ಸಭೆಯಲ್ಲಿ ಯುದ್ಧಕ್ಕೆ ಶಿಫಾರಸು ಕಳಿಸುವ ತೀರ್ಮಾನ ಆಯಿತು. ಗಡಿಯಲ್ಲಿ ರಕ್ತ ಬಿದ್ದ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ. ಕೊಡುತ್ತಿದ್ದ ಕಾರಣ ಮೆಕ್ಸಿಕೊ ಬಾಕಿ ಇಟ್ಟ ಹಣದ ದಾವೆಗಳು, ಸ್ಲೈಡೆಲ್‌ಗೆ ಆದ ಅವಮಾನ. ಮೆಕ್ಸಿಕೊ ಮೊದಲು ಕೈ ಮಾಡಲಿ ಎಂದು ಹಿಂಜರಿದವನು ಬ್ಯಾಂಕ್ರಾಫ್ಟ್ ಒಬ್ಬನೇ. ಸಂಜೆ ಆರರ ಹೊತ್ತಿಗೆ ಟೇಲರ್‌ನ ಪತ್ರ ಬಂತು. ಕಾರಣ ಬದಲಾಯಿತು, ತೀರ್ಮಾನ ಮೊದಲೇ ಆಗಿತ್ತು. ಭಾನುವಾರ ಚರ್ಚಿಗೆ ಹೋಗಿ ಬಂದು ಪೋಲ್ಕ್ ಸಂದೇಶ ತಿದ್ದಿದ, ದೇವರ ದಿನ ಕೆಲಸ ಮಾಡಬೇಕಾಯಿತೆಂದು ದಿನಚರಿಯಲ್ಲಿ ಬೇಸರಪಟ್ಟುಕೊಂಡ. ಮೆಕ್ಸಿಕೊ ಅಮೆರಿಕದ ನೆಲದಲ್ಲಿ ಅಮೆರಿಕದ ರಕ್ತ ಹರಿಸಿದೆ ಎಂಬ ಸಂದೇಶ ಸೋಮವಾರ ಕಾಂಗ್ರೆಸ್ ಮುಂದೆ ಬಂತು. ಸುಮಾರು ಎರಡು ಗಂಟೆಗಳ ಚರ್ಚೆ ಮುಗಿಸಿ ಪ್ರತಿನಿಧಿ ಸಭೆ 174ಕ್ಕೆ 14ರಂತೆ ಒಪ್ಪಿತು, ಆಡಮ್ಸ್ ಆ 14 ಜನರಲ್ಲಿ ಒಬ್ಬ. ಸೆನೆಟ್‌ನಲ್ಲಿ 40ಕ್ಕೆ 2. ಮೇ 13ರಂದು ಯುದ್ಧ ಘೋಷಣೆಯಾಯಿತು.

ಅದೇ ದಿನ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬ್ಯೂಕ್ಯಾನನ್, ನಾವು ನೆಲ ಗೆಲ್ಲಲು ಯುದ್ಧ ಮಾಡುತ್ತಿಲ್ಲವೆಂದು ಯುರೋಪಿನ ದೇಶಗಳಿಗೆ ತಿಳಿಸೋಣ ಎಂದು ಕರಡು ತಂದ. ಪೋಲ್ಕ್ ಆ ಸಾಲನ್ನು ಹೊಡೆದು ಹಾಕಿಸಿದ. ಈ ಯುದ್ಧದ ಗುರಿ ಏನೆಂದು ಕೇಳುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಯುದ್ಧ

ಮೆಕ್ಸಿಕೊ ತೀವ್ರವಾಗಿ ಕಾದಿತು, ಆದರೆ ಖಜಾನೆ ಬರಿದಾಗಿತ್ತು, ಸರ್ಕಾರಗಳು ತಿಂಗಳಿಗೊಮ್ಮೆ ಎಂಬಂತೆ ಬದಲಾಗುತ್ತಿದ್ದವು, ತೋಪುಗಳು ಹಳೆಯವು. ಟೇಲರ್ ಉತ್ತರದಲ್ಲಿ ಮೊಂತೆರ್ರೇ ಗೆದ್ದ. ಸ್ಟೀಫನ್ ಕರ್ನಿ 1846ರ ಆಗಸ್ಟ್‌ನಲ್ಲಿ ಸಾಂತಾ ಫೆ ಹಿಡಿದ. ಕ್ಯಾಲಿಫೋರ್ನಿಯಾದಲ್ಲಿ ಜೂನ್‌ನಲ್ಲೇ ಅಮೆರಿಕನ್ ವಲಸಿಗರು ಸೊನೋಮಾ ಪಟ್ಟಣದಲ್ಲಿ ಕರಡಿ ಧ್ವಜ ಏರಿಸಿದ್ದರು, ಅವರಿಗೆ ಬೆಂಬಲವಾಗಿ ನಿಂತವನು ಸೈನ್ಯದ ಭೂಶೋಧಕ ಜಾನ್ ಸಿ. ಫ್ರೀಮಾಂಟ್; ಜುಲೈನಲ್ಲಿ ನೌಕಾಪಡೆ ಮಾಂಟೆರೇ ಬಂದರನ್ನು ವಶಪಡಿಸಿಕೊಂಡಿತು.

ಪೋಲ್ಕ್‌ನ ಲೆಕ್ಕಾಚಾರ ಒಂದೆಡೆ ಮಾತ್ರ ಹೀನಾಯವಾಗಿ ತಪ್ಪಿತು. ಹವಾನಾದಲ್ಲಿ ದೇಶಭ್ರಷ್ಟನಾಗಿದ್ದ ಸಾಂತಾ ಆನಾ ತಾನು ಮರಳಿದರೆ ನೆಲ ಬಿಟ್ಟುಕೊಟ್ಟು ಶಾಂತಿ ಮಾಡಿಕೊಳ್ಳುವೆನೆಂದು ಸೂಚನೆ ಕೊಟ್ಟಿದ್ದ. ಪೋಲ್ಕ್ ಅದನ್ನು ನಂಬಿ ದಿಗ್ಬಂಧನದ ನಡುವೆ ಅವನ ಹಡಗನ್ನು ದಾಟಿಸಿದ. ನೆಲಕ್ಕೆ ಕಾಲಿಟ್ಟ ಸಾಂತಾ ಆನಾ ಸೈನ್ಯ ಕಟ್ಟಿ ಅಮೆರಿಕದ ಮೇಲೇ ತಿರುಗಿಬಿದ್ದ. ಯುದ್ಧ ಇನ್ನೂ ಒಂದೂವರೆ ವರ್ಷ ಎಳೆಯಿತು.

ವಿನ್‌ಫೀಲ್ಡ್ ಸ್ಕಾಟ್‌ನ ಸೈನ್ಯ 1847ರ ಮಾರ್ಚ್‌ನಲ್ಲಿ ವೆರಾಕ್ರೂಸ್‌ನಲ್ಲಿಳಿದು ಪಟ್ಟಣದ ಮೇಲೆ ಗುಂಡಿನ ಮಳೆ ಸುರಿಸಿತು. ಸೆಪ್ಟೆಂಬರ್ 13ರಂದು ಚಪುಲ್ತೆಪೆಕ್ ಕೋಟೆ ಬಿತ್ತು, ಮರುದಿನ ರಾಜಧಾನಿ. ಕೋಟೆಯಲ್ಲಿ ಮಡಿದ ಸೈನಿಕ ಶಾಲೆಯ ಬಾಲಕರನ್ನು ಮೆಕ್ಸಿಕೊ ಇಂದಿಗೂ ಪ್ರತಿವರ್ಷ ಸ್ಮರಿಸುತ್ತದೆ. ಅಮೆರಿಕದ ಸೈನ್ಯ ಬಿಟ್ಟು ಮೆಕ್ಸಿಕೊ ಪರ ಹೋರಾಡಿದ, ಐರಿಶ್ ವಲಸಿಗರೇ ಹೆಚ್ಚಿದ್ದ ಸ್ಯಾನ್ ಪ್ಯಾಟ್ರಿಸಿಯೊ ದಳದ ಹತ್ತಾರು ಸೆರೆಯಾಳುಗಳನ್ನು ಆ ದಿನಗಳಲ್ಲೇ ನೇಣಿಗೆ ಹಾಕಲಾಯಿತು. ಅಮೆರಿಕದ ಕಡೆ ಸತ್ತವರು ಸುಮಾರು 13 ಸಾವಿರ, ಅವರಲ್ಲಿ ಬಹುಪಾಲು ಗುಂಡಿಗಿಂತ ರೋಗಕ್ಕೆ ಬಲಿಯಾದವರು.

ಒಪ್ಪದೆ ನಿಂತವರು

ಸಾಹಿತಿ ಹೆನ್ರಿ ಡೇವಿಡ್ ಥೋರೊ ಗುಲಾಮಗಿರಿ ಸಾಕುವ, ನೆರೆದೇಶದ ಮೇಲೆ ದಂಡೆತ್ತುವ ಸರ್ಕಾರಕ್ಕೆ ತಲೆಗಂದಾಯ ಕೊಡುವುದಿಲ್ಲವೆಂದು 1846ರ ಜುಲೈನಲ್ಲಿ ಕಾನ್‌ಕಾರ್ಡ್ ಊರಿನ ಜೈಲಿನಲ್ಲಿ ಒಂದು ರಾತ್ರಿ ಕಳೆದ. ಅದರಿಂದ ಹುಟ್ಟಿದ ಪ್ರಬಂಧ 1849ರಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದಲ್ಲಿ ಸತ್ಯಾಗ್ರಹ ನಡೆಸುತ್ತಿದ್ದ ಗಾಂಧೀಜಿ ಅದನ್ನು ಓದಿ, ತಮ್ಮ ಪತ್ರಿಕೆಯಲ್ಲಿ ಭಾಗಗಳನ್ನು ಪ್ರಕಟಿಸಿದರು. ಪೋಲ್ಕ್‌ನ ಯುದ್ಧಕ್ಕೂ ನಮ್ಮ ಸ್ವಾತಂತ್ರ್ಯ ಚಳವಳಿಗೂ ನಡುವೆ ಹೀಗೊಂದು ಎಳೆ ಹಾದುಹೋಗಿದೆ.

ಇಲಿನಾಯ್‌ನಿಂದ ಹೊಸದಾಗಿ ಆಯ್ಕೆಯಾಗಿ ಬಂದಿದ್ದ ಅಬ್ರಹಾಂ ಲಿಂಕನ್ 1847ರ ಡಿಸೆಂಬರ್‌ನಲ್ಲಿ, ಮೊದಲ ರಕ್ತ ಬಿದ್ದ ಜಾಗ ಯಾವುದು, ಅದು ನಿಜಕ್ಕೂ ಅಮೆರಿಕದ ನೆಲವೇ, ತೋರಿಸಿ ಎಂದು ನಿರ್ಣಯ ಮಂಡಿಸಿದ. ಪೋಲ್ಕ್ ಉತ್ತರಿಸಲಿಲ್ಲ. ಲಿಂಕನ್‌ಗೆ ತನ್ನ ಕ್ಷೇತ್ರದಲ್ಲಿ ಅಪಹಾಸ್ಯವೇ ಸಿಕ್ಕಿತು. ಮರುತಿಂಗಳು ಪ್ರತಿನಿಧಿ ಸಭೆ ಸಣ್ಣ ಅಂತರದಲ್ಲಾದರೂ, ಅಧ್ಯಕ್ಷ ಈ ಯುದ್ಧವನ್ನು ಅನಗತ್ಯವಾಗಿ, ಸಂವಿಧಾನಕ್ಕೆ ವಿರುದ್ಧವಾಗಿ ಆರಂಭಿಸಿದನೆಂದು ದಾಖಲಿಸಿತು. ಲೆಫ್ಟಿನೆಂಟ್ ಆಗಿ ಕಾದಿದ್ದ ಯುಲಿಸಿಸ್ ಗ್ರಾಂಟ್ ಮುಂದೆ ತಾನೂ ಅಧ್ಯಕ್ಷನಾಗಿ, ಬಾಳಿನ ಕೊನೆಯಲ್ಲಿ ಬರೆದ ಆತ್ಮಕಥೆಯಲ್ಲಿ ಇದನ್ನು ಬಲಿಷ್ಠ ದೇಶವೊಂದು ದುರ್ಬಲ ದೇಶದ ಮೇಲೆ ನಡೆಸಿದ ಅತ್ಯಂತ ಅನ್ಯಾಯದ ಯುದ್ಧಗಳಲ್ಲಿ ಒಂದೆಂದು ಕರೆದ.

ಎಲ್ಲಕ್ಕಿಂತ ಆಳವಾಗಿ ಇರಿದದ್ದು ಪೋಲ್ಕ್‌ನ ಸ್ವಂತ ಪಕ್ಷದ ಡೇವಿಡ್ ವಿಲ್ಮಟ್. 1846ರ ಆಗಸ್ಟ್ 8ರಂದು, ಮೆಕ್ಸಿಕೊದಿಂದ ಬರುವ ಯಾವ ನೆಲದಲ್ಲೂ ಗುಲಾಮಗಿರಿ ಇರಕೂಡದೆಂಬ ಷರತ್ತನ್ನು ಅವನು ಹಣಕಾಸು ಮಸೂದೆಗೆ ಅಂಟಿಸಿದ. ಸೆನೆಟ್ ಅದನ್ನು ಎಂದೂ ಒಪ್ಪಲಿಲ್ಲ. ಆದರೆ ಅಂದಿನಿಂದ ಮತಗಳು ಪಕ್ಷಗಳ ಗೆರೆ ಬಿಟ್ಟು ಉತ್ತರ ದಕ್ಷಿಣವೆಂದು ಸೀಳಿಕೊಳ್ಳತೊಡಗಿದವು. ಮೆಕ್ಸಿಕೊ ನೆಲಕ್ಕೂ ಗುಲಾಮಗಿರಿಗೂ ಏನು ಸಂಬಂಧ ಎಂದು ಪೋಲ್ಕ್ ದಿನಚರಿಯಲ್ಲಿ ಕಿರಿಕಿರಿ ತೋಡಿಕೊಂಡ. ದಿನಕ್ಕೆ ಹದಿನಾಲ್ಕು ಗಂಟೆ ದುಡಿಯಬಲ್ಲ ಮನುಷ್ಯನಿಗೆ ಕಣ್ಣೆದುರಿನ ಈ ಬಿರುಕು ಕಾಣದೇ ಹೋಯಿತು.

ಆದೇಶ ಮೀರಿದ ರಾಯಭಾರಿ

ಶಾಂತಿ ಒಪ್ಪಂದ ಕುದುರಿಸಲು ಪೋಲ್ಕ್ 1847ರಲ್ಲಿ ಕಳಿಸಿದವನು ವಿದೇಶಾಂಗ ಇಲಾಖೆಯ ಮುಖ್ಯ ಗುಮಾಸ್ತ ನಿಕೊಲಸ್ ಟ್ರಿಸ್ಟ್. ಥಾಮಸ್ ಜೆಫರ್ಸನ್‌ನ ಮೊಮ್ಮಗಳ ಗಂಡ, ಹವಾನಾದಲ್ಲಿ ಕಾನ್ಸಲ್ ಆಗಿದ್ದು ಸ್ಪ್ಯಾನಿಷ್ ಬಲ್ಲವನು. ಸೈನ್ಯ ರಾಜಧಾನಿ ಹಿಡಿದ ಮೇಲೆ ಪೋಲ್ಕ್‌ನ ಆಸೆ ಹಿಗ್ಗಿತು. ಇನ್ನೂ ಹೆಚ್ಚು ನೆಲ ಕೇಳಬೇಕೆಂದು ಅವನಿಗೆ ಅನ್ನಿಸಿತು, ಇಡೀ ಮೆಕ್ಸಿಕೊವನ್ನೇ ನುಂಗಬೇಕೆಂಬ ಕೂಗೂ ಎದ್ದಿತ್ತು. ಟ್ರಿಸ್ಟ್‌ಗೆ ವಾಪಸು ಬರಲು ಆದೇಶ ಹೋಯಿತು.

ನವೆಂಬರ್‌ನಲ್ಲಿ ಪತ್ರ ಕೈಸೇರಿದಾಗ ಟ್ರಿಸ್ಟ್ ಎದುರಿದ್ದದ್ದು ಶಾಂತಿಗೆ ಸಿದ್ಧವಿದ್ದ, ಆದರೆ ಯಾವ ಕ್ಷಣ ಬೇಕಾದರೂ ಕುಸಿಯಬಹುದಾದ ಮೆಕ್ಸಿಕನ್ ಸರ್ಕಾರ. ಈಗ ಎದ್ದು ಹೋದರೆ ಯುದ್ಧ ಕೊನೆಯಿಲ್ಲದ ಆಕ್ರಮಣವಾಗುತ್ತದೆಂದು ಅವನಿಗೆ ಕಂಡಿತು. ತಾನೇಕೆ ಬರುವುದಿಲ್ಲವೆಂದು 65 ಪುಟಗಳ ಪತ್ರ ಬರೆದು ಅಲ್ಲೇ ಉಳಿದ. 1848ರ ಫೆಬ್ರವರಿ 2ರಂದು ರಾಜಧಾನಿಯ ಹತ್ತಿರದ ಗ್ವಾದಲೂಪೆ ಹಿದಾಲ್ಗೊ ಊರಿನಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ರಿಯೊ ಗ್ರಾಂಡೆ ಗಡಿ, ಕ್ಯಾಲಿಫೋರ್ನಿಯಾ ಮತ್ತು ನ್ಯೂ ಮೆಕ್ಸಿಕೊ ಅಮೆರಿಕಕ್ಕೆ, ಮೆಕ್ಸಿಕೊಗೆ 1.5 ಕೋಟಿ ಡಾಲರ್, ಜೊತೆಗೆ ಅಮೆರಿಕನ್ನರ ದಾವೆಗಳ ಹೊರೆಯಿಂದ ಬಿಡುಗಡೆ. ಟೆಕ್ಸಾಸನ್ನೂ ಸೇರಿಸಿ ನೋಡಿದರೆ ಮೆಕ್ಸಿಕೊ ತನ್ನ ನೆಲದ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿತು. ಸಹಿ ಹಾಕುವಾಗ ಒಬ್ಬ ಅಮೆರಿಕನ್ನನಾಗಿ ತನಗಾದ ನಾಚಿಕೆಯನ್ನು ಟ್ರಿಸ್ಟ್ ಮುಂದೆ ತನ್ನ ಮನೆಯವರಲ್ಲಿ ಹೇಳಿಕೊಂಡ. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸುವ ಮನುಷ್ಯ ಅವನೇ.

ಪೋಲ್ಕ್ ಕೆಂಡವಾದ. ಆದರೆ ಒಪ್ಪಂದ ಅವನದೇ ಮೂಲ ಷರತ್ತುಗಳಿಗೆ ತಕ್ಕಂತಿತ್ತು, ತಿರಸ್ಕರಿಸಿದರೆ ಕಾಂಗ್ರೆಸ್ ಯುದ್ಧಕ್ಕೆ ಹಣ ನಿಲ್ಲಿಸುವ ಭಯವಿತ್ತು. ಹಾಗಾಗಿ ಸೆನೆಟ್‌ಗೆ ಕಳಿಸಿದ. ಅದೇ ದಿನಗಳಲ್ಲಿ, ಯುದ್ಧವನ್ನು ಕೊನೆಯವರೆಗೆ ವಿರೋಧಿಸಿದ ಆಡಮ್ಸ್ ಸಭೆಯ ತನ್ನ ಮೇಜಿನಲ್ಲೇ ಕುಸಿದು, ಎರಡು ದಿನದಲ್ಲಿ ತೀರಿಕೊಂಡ. ಮಾರ್ಚ್ 10ರಂದು 38ಕ್ಕೆ 14 ಮತಗಳಿಂದ ಒಪ್ಪಂದ ಅಂಗೀಕಾರವಾಯಿತು. ಟ್ರಿಸ್ಟ್ ಕೆಲಸ ಹೋಯಿತು, ಸಂಬಳವೂ ನಿಂತಿತು. ಬಾಕಿ ಕೈಗೆ ಬಂದದ್ದು 1871ರಲ್ಲಿ, ಗ್ರಾಂಟ್ ಅಧ್ಯಕ್ಷನಾಗಿದ್ದಾಗ.

ಗುಲಾಮರ ಯಜಮಾನ

ಪೋಲ್ಕ್‌ಗೆ ಮಿಸಿಸಿಪ್ಪಿಯಲ್ಲಿ ಹತ್ತಿಯ ಎಸ್ಟೇಟ್ ಇತ್ತು. ಅವನು ಲಾಭಕ್ಕಾಗಿ ಗುಲಾಮರ ವ್ಯಾಪಾರ ಮಾಡುವವನಲ್ಲ, ಪಿತ್ರಾರ್ಜಿತವಾಗಿ ಬಂದವರನ್ನು ನೋಡಿಕೊಳ್ಳುವವನು ಎಂಬ ಚಿತ್ರವನ್ನು ಅವನ ಬೆಂಬಲಿಗರು ಬಿಡಿಸಿದ್ದರು. ಅವನ ಖಾಸಗಿ ಪತ್ರಗಳು ಬೇರೆಯದನ್ನೇ ಹೇಳುತ್ತವೆ. ಶ್ವೇತಭವನದಲ್ಲಿದ್ದುಕೊಂಡೇ ದಲ್ಲಾಳಿಗಳ ಮೂಲಕ, ತನ್ನ ಹೆಸರು ಹೊರಬೀಳದಂತೆ, 19 ಜನರನ್ನು ಕೊಂಡ. ಅವರಲ್ಲಿ ಹೆಚ್ಚಿನವರು ಮಕ್ಕಳು, ಹದಿಹರೆಯದವರು. ಹತ್ತು ಹನ್ನೊಂದು ವರ್ಷದವರೂ ಇದ್ದರು. ತಂದೆತಾಯಿಯಿಂದ ಕಿತ್ತು ಆ ಎಸ್ಟೇಟಿಗೆ ಕಳಿಸಲಾದ ಮಕ್ಕಳು. ಹೊಸ ನೆಲಕ್ಕೂ ಗುಲಾಮಗಿರಿಗೂ ಸಂಬಂಧವಿಲ್ಲವೆಂದು ಬರೆದ ಕೈಯೇ ಆ ಖರೀದಿಯ ಪತ್ರಗಳನ್ನೂ ಬರೆದದ್ದು. ಸಾರಾ ಸತ್ತ ನಂತರ ಗುಲಾಮರಿಗೆ ಬಿಡುಗಡೆಯಾಗಲಿ ಎಂಬ ಆಶಯ ಉಯಿಲಿನಲ್ಲಿದೆ, ಆದರೆ ಆಕೆ ಬದುಕಿದ್ದದ್ದು 1891ರವರೆಗೆ. ಅಷ್ಟರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿಯೇ ರದ್ದಾಗಿತ್ತು.

ಕೊನೆಯ ದಿನಗಳು

1848ರಲ್ಲಿ ಪೋಲ್ಕ್ ಕ್ಯೂಬಾವನ್ನು 10 ಕೋಟಿ ಡಾಲರ್‌ಗೆ ಕೊಳ್ಳಲು ಸ್ಪೇನನ್ನು ಕೇಳಿಸಿದ, ಸ್ಪೇನ್ ಒಪ್ಪಲಿಲ್ಲ. ಆ ವರ್ಷದ ಡಿಸೆಂಬರ್ 5ರ ಸಂದೇಶದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸುದ್ದಿ ನಿಜವೆಂದು ದೃಢಪಡಿಸಿದ. ಮರುವರ್ಷ ಜಗತ್ತೇ ಅತ್ತ ನುಗ್ಗಿತು. ಕೊಟ್ಟ ಮಾತಿನಂತೆ ಮತ್ತೆ ಸ್ಪರ್ಧಿಸಲಿಲ್ಲ. ಅವನ ಯುದ್ಧವೇ ವೀರನನ್ನಾಗಿಸಿದ್ದ ಟೇಲರ್ ವಿರೋಧ ಪಕ್ಷದಿಂದ ಗೆದ್ದು ಅವನ ಕುರ್ಚಿಗೆ ಬಂದ. ದಕ್ಷಿಣದ ಊರುಗಳಲ್ಲಿ ಸನ್ಮಾನ ಸ್ವೀಕರಿಸುತ್ತ ಮನೆಗೆ ಹೊರಟ ಪೋಲ್ಕ್ ದಾರಿಯಲ್ಲೇ ಸೊರಗಿದ. 1849ರ ಜೂನ್ 15ರಂದು ನ್ಯಾಶ್‌ವಿಲ್‌ನಲ್ಲಿ ಕಾಲರಾದಿಂದ ಸತ್ತಾಗ ವಯಸ್ಸು 53, ಅಧಿಕಾರ ಬಿಟ್ಟು ಮೂರು ತಿಂಗಳು ಕಳೆದಿತ್ತಷ್ಟೆ.

ಆ ನೆಲ, ಆಮೇಲೆ

ಪೋಲ್ಕ್ ತಂದ ನೆಲವನ್ನು ಹಂಚಿಕೊಳ್ಳುವ ಜಗಳ 1850ರ ರಾಜಿ ಸೂತ್ರದಿಂದ ಹಿಡಿದು 1861ರ ಅಂತರ್ಯುದ್ಧದವರೆಗೆ ಎಳೆದುಕೊಂಡು ಹೋಯಿತು. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಿಗೆ ಅಂತರ್ಯುದ್ಧದವರೆಗೂ ಕಾಯಬೇಕಾಗಲಿಲ್ಲ. 1848ರ ಹೊತ್ತಿಗೆ ಸುಮಾರು 1.5 ಲಕ್ಷವಿದ್ದ ಅವರ ಸಂಖ್ಯೆ ಕೊಲೆ, ರೋಗ, ಹಸಿವು, ಜೀತಗಳಿಂದ 1870ರ ವೇಳೆಗೆ 30 ಸಾವಿರದ ಆಸುಪಾಸಿಗೆ ಇಳಿಯಿತು. ಗಡಿ ಬದಲಾದ ಕಾರಣ ರಾತ್ರಿ ಕಳೆಯುವುದರೊಳಗೆ ಅಮೆರಿಕದವರಾದ ಮೆಕ್ಸಿಕನ್ನರ ಜಮೀನು ಹಕ್ಕು ರಕ್ಷಿಸಲು ಒಪ್ಪಂದದಲ್ಲಿದ್ದ 10ನೆಯ ವಿಧಿಯನ್ನು ಸೆನೆಟ್ ಹೊಡೆದು ಹಾಕಿತ್ತು. ನ್ಯೂ ಮೆಕ್ಸಿಕೊದಲ್ಲಿ ಆ ಜಮೀನುಗಳ ಹೋರಾಟ ಎಷ್ಟು ಕಾಲ ಉರಿಯಿತೆಂದರೆ, 1967ರಲ್ಲೂ ರೇಯಿಸ್ ತಿಹೆರಿನಾ ಎಂಬ ಮುಂದಾಳು ತನ್ನವರೊಂದಿಗೆ ಒಂದು ಕೋರ್ಟಿಗೆ ನುಗ್ಗಿದ.

ಇಂದು ಕೆಲಸಕ್ಕೆಂದು ಹೋದ ಸಾವಿರಾರು ಕನ್ನಡ ಕುಟುಂಬಗಳು ನೆಲೆಸಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಊರುಗಳೆಲ್ಲ 1848ರವರೆಗೆ ಮೆಕ್ಸಿಕೊದ ನೆಲ. ರಾಜ್ಯೋತ್ಸವ ಆಚರಿಸುವ ಆ ಫ್ರೀಮಾಂಟ್‌ಗೆ ಹೆಸರು ಬಂದದ್ದು ಕರಡಿ ಧ್ವಜದವರ ಬೆನ್ನಿಗೆ ನಿಂತ ಜಾನ್ ಫ್ರೀಮಾಂಟ್‌ನಿಂದಲೇ.

ಒಪ್ಪಂದ ಗಡಿಯೆಂದು ಗುರುತಿಸಿದ ರಿಯೊ ಗ್ರಾಂಡೆ ನದಿಯೂ ಸುಮ್ಮನಿರಲಿಲ್ಲ. ಟೆಕ್ಸಾಸಿನ ಎಲ್ ಪಾಸೊ ಬಳಿ ಅದು ಪಾತ್ರ ಬದಲಿಸಿ ದಕ್ಷಿಣಕ್ಕೆ ಸರಿದಾಗ ಮೆಕ್ಸಿಕೊದ ಚಮಿಸಾಲ್ ಎಂಬ ತುಂಡು ಅಮೆರಿಕದ ದಡಕ್ಕೆ ಬಿತ್ತು. 1911ರ ಮಧ್ಯಸ್ಥಿಕೆ ತೀರ್ಪು ಅದರ ಹೆಚ್ಚಿನ ಭಾಗವನ್ನು ಮೆಕ್ಸಿಕೊಗೆ ಕೊಟ್ಟರೂ ಅಮೆರಿಕ ಒಪ್ಪಲಿಲ್ಲ. ಅರ್ಧ ಶತಮಾನದ ನಂತರ, 1963ರಲ್ಲಿ ಅಮೆರಿಕದ ಕೆನಡಿ ಮತ್ತು ಮೆಕ್ಸಿಕೊದ ಲೋಪೆಸ್ ಮತೆಯೋಸ್ ಸರ್ಕಾರಗಳು ಒಪ್ಪಂದಕ್ಕೆ ಬಂದವು; ಆಮೇಲೆ ನದಿಗೆ ಕಾಂಕ್ರೀಟಿನ ಪಾತ್ರ ಕಟ್ಟಿ, ಸುಮಾರು 437 ಎಕರೆ ನೆಲವನ್ನು ಮೆಕ್ಸಿಕೊಗೆ ಮರಳಿಸಲಾಯಿತು.